ಬೇವಿನ ಕಡ್ಡಿಯ ಭೌತವಿಜ್ಞಾನ

ಬೆಳಗ್ಗೆ ಬೇವಿನ ಕಡ್ಡಿ ಮುರಿದು, ತುದಿಯನ್ನು ಜಗಿಯುತ್ತ ಹೊಲದ ಕಡೆ ಹೊರಟವರನ್ನು ನೀವು ನೋಡಿರಬಹುದು. ಈ ಪದ್ಧತಿ ಬಹು ಹಳೆಯದು. ಹಲ್ಲುಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಕಹಿ ರುಚಿಯವುಗಳಲ್ಲಿ ಬೇವು ಶ್ರೇಷ್ಠವೆನ್ನುತ್ತದೆ. ಹಾಗಾದರೆ ಹಲ್ಲನ್ನು ಶುಚಿಗೊಳಿಸುವುದು ಬೇವಿನ ಕಹಿಯೇ, ಕಡ್ಡಿಯೇ?

ಹಲ್ಲಿನ ಮೇಲೆ ಬ್ಯಾಕ್ಟೀರಿಯಗಳ ಅಂಟಾದ ತೆಳುಪೊರೆ ಸದಾ ಬೆಳೆಯುತ್ತಿರುತ್ತದೆ. ಇವು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಇಳಿದಾಗ ಎನಾಮಲ್ ಕರಗತೊಡಗುತ್ತದೆ. ಬಾಯಿ ಮುಕ್ಕಳಿಸಿದ ಮಾತ್ರಕ್ಕೆ ಈ ಪೊರೆ ಹೋಗದು. ಅದನ್ನು ಉಜ್ಜಿಯೇ ತೆಗೆಯಬೇಕು.

ಕಡ್ಡಿಯನ್ನು ಮೊದಲು ಜಗಿಯುವುದೇಕೆ? ನೀವು 1.5 ನ್ಯೂಟನ್ ಬಲದಿಂದ ಒತ್ತುತ್ತೀರೆಂದು ಭಾವಿಸಿ. ಜಗಿಯದ ಮೊನಚು ತುದಿ 2 ಚದರ ಮಿಲಿಮೀಟರ್ ಜಾಗವನ್ನಷ್ಟೇ ತಾಗಿದರೆ ಒತ್ತಡ 7,50,000 ಪ್ಯಾಸ್ಕಲ್. ಜಗಿದಾಗ ನಾರುಗಳು ಬಿಡಿಬಿಡಿಯಾಗಿ ಹರಡಿ 50 ಚದರ ಮಿಲಿಮೀಟರ್ ಜಾಗವನ್ನು ತಾಗಿದರೆ ಅದೇ ಬಲಕ್ಕೆ ಒತ್ತಡ 30,000 ಪ್ಯಾಸ್ಕಲ್, ಅಂದರೆ 25ರಲ್ಲಿ ಒಂದು ಪಾಲು. ವಸಡಿಗೆ ಗಾಯವಾಗುವ ಸಂಭವ ತಗ್ಗುತ್ತದೆ. ಬಾಗುವ ನಾರುಗಳು ಹಲ್ಲಿನ ಏರುತಗ್ಗುಗಳಿಗೂ ಹೊಂದಿಕೊಳ್ಳುತ್ತವೆ.

ಇನ್ನೊಂದು ಅಂಶ ಗಡಸುತನ. ಮೋಸ್ ಮಾನದಲ್ಲಿ ಎನಾಮಲ್‌ನ ಗಡಸುತನ ಸುಮಾರು 5. ಮರಳಿನಲ್ಲೂ ಇಟ್ಟಿಗೆ ಪುಡಿಯಲ್ಲೂ ಇರುವ ಕ್ವಾರ್ಟ್ಸ್‌ನದು 7. ಗಡಸು ವಸ್ತು ಮೃದು ವಸ್ತುವನ್ನು ಗೀರುತ್ತದೆ. ಆದ್ದರಿಂದ ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಕೊಳೆಯೊಂದಿಗೆ ಎನಾಮಲ್ ಸಹ ಸವೆಯುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯದು. ಮರದ ನಾರು ಎನಾಮಲ್‌ಗಿಂತ ಎಷ್ಟೋ ಮೃದು. ಅದು ಪೊರೆಯನ್ನು ಕೆರೆದು ತೆಗೆಯಬಲ್ಲದು, ಎನಾಮಲ್ ಅನ್ನು ಗೀರಲಾರದು.

ಬೇವಿನ ಸಾರ ಪ್ರಯೋಗಾಲಯದಲ್ಲಿ ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ, ನಿಜ. ಆದರೆ ಕಹಿಯಾದುದೆಲ್ಲ ಔಷಧಿಯಲ್ಲ. ಕಣಗಿಲೆಯಂತಹ ವಿಷಗಿಡದ ಕಡ್ಡಿಯನ್ನು ಬಾಯಿಗೆ ಇಡಲೇಬಾರದು ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಕಡ್ಡಿಗೂ ಮಿತಿಗಳಿವೆ. ದವಡೆ ಹಲ್ಲುಗಳ ಒಳಬದಿಗೆ ಅದು ಸುಲಭವಾಗಿ ತಲುಪದು. ಪೇಸ್ಟಿನಲ್ಲಿರುವ ಫ್ಲೋರೈಡ್ ಎನಾಮಲ್‌ಗೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಕಡ್ಡಿಯಿಂದ ಆ ಲಾಭ ದೊರೆಯದು. ಬ್ರಷ್, ಪೇಸ್ಟ್ ಸಿಗುವಲ್ಲಿ ಅವುಗಳನ್ನು ಬಿಡಬೇಕಿಲ್ಲ. ಸಿಗದ ಕಡೆ ಇಟ್ಟಿಗೆ ಪುಡಿಗಿಂತ ಚೆನ್ನಾಗಿ ಜಗಿದ ಕಡ್ಡಿ ಮೇಲು.

ಒಂದು ಪ್ರಯೋಗ ಮಾಡಿ. ಹಲ್ಲುಜ್ಜಿದ ಮೇಲೆ, ಆಹಾರಕ್ಕೆ ಬಳಸುವ ಕೆಂಪು ಬಣ್ಣದ ಒಂದೆರಡು ಹನಿಯನ್ನು ನೀರಿನಲ್ಲಿ ಬೆರೆಸಿ ಬಾಯಿ ಮುಕ್ಕಳಿಸಿ ಉಗುಳಿ. ನಂತರ ಬರಿಯ ನೀರಿನಿಂದ ಒಮ್ಮೆ ಮುಕ್ಕಳಿಸಿ, ಕನ್ನಡಿಯಲ್ಲಿ ನೋಡಿ. ಹಲ್ಲಿನ ಮೇಲೆ ಕೆಂಪು ಉಳಿದ ಕಡೆ ಪೊರೆಯೂ ಉಳಿದಿದೆ. ಕಡ್ಡಿಯಿಂದ ಉಜ್ಜಿದ ದಿನ ಎಲ್ಲಿ ಉಳಿಯಿತು, ಬ್ರಷ್‌ನಿಂದ ಉಜ್ಜಿದ ದಿನ ಎಲ್ಲಿ ಉಳಿಯಿತು? ಹೋಲಿಸಿ ನೀವೇ ತೀರ್ಮಾನಿಸಿ.