ಹೋಟೆಲ್ ಅಡುಗೆಮನೆ: ಕಣ್ಣಿಗೆ ಕಾಣದ ಜಿಡ್ಡಿನ ಬಗ್ಗೆ ಎಚ್ಚರವಿರಲಿ

ಮುಂಬಯಿ: ಮಹಾನಗರದಲ್ಲಿ ತುಳು-ಕನ್ನಡಿಗರು ಬೆವರು ಸುರಿಸಿ ಬೆಳೆಸಿದ ಉದ್ಯಮಗಳಲ್ಲಿ ಹೋಟೆಲಿಗೆ ಮೊದಲ ಸ್ಥಾನ. ಗಲ್ಲಾದ ಲೆಕ್ಕವನ್ನು ದಿನವೂ ನೋಡುವ ಮಾಲೀಕರು ಭಟ್ಟಿಯ ಮೇಲಿನ ಹೊಗೆ ಕೊಳವೆಯನ್ನು ನೋಡುವುದು ಮಾತ್ರ ಅಪರೂಪ. 2015ರ ಅಕ್ಟೋಬರ್ 16ರಂದು ಕುರ್ಲಾ ಪಶ್ಚಿಮದ ಹೋಟೆಲೊಂದರಲ್ಲಿ ಅಡುಗೆ ಅನಿಲದಿಂದ ಹೊತ್ತಿದ ಬೆಂಕಿಗೆ ಎಂಟು ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ಮಧ್ಯಾಹ್ನದ ಊಟಕ್ಕೆ ಬಂದಿದ್ದ ವಿದ್ಯಾರ್ಥಿಗಳು.

ಹೊಗೆ ಕೊಳವೆಯ ಒಳಗೆ

ದೋಸೆ ಕಾವಲಿ, ವಡೆಯ ಬಾಣಲೆಗಳಿಂದ ಏಳುವ ಹೊಗೆಯೊಂದಿಗೆ ಎಣ್ಣೆಯ ಸೂಕ್ಷ್ಮ ಹನಿಗಳೂ ಮೇಲೇರುತ್ತವೆ. ಹುಡ್‌ನ ಸ್ಟೀಲ್ ಫಿಲ್ಟರ್ ಅವುಗಳಲ್ಲಿ ಬಹುಪಾಲನ್ನು ತಡೆದು ಕೆಳಗಿನ ತಟ್ಟೆಗೆ ಇಳಿಸುತ್ತದೆ. ಉಳಿದದ್ದು ಕೊಳವೆಯ ಒಳಗೋಡೆಗೆ ಅಂಟಿ ಪದರಗಟ್ಟುತ್ತದೆ. ಬಾಣಲೆಯ ಬೆಂಕಿ ಒಮ್ಮೆ ಈ ಜಿಡ್ಡಿಗೆ ತಗುಲಿದರೆ ಫ್ಯಾನಿನ ಗಾಳಿಯೇ ಅದನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಹೊರಗಿನಿಂದ ಹುಡ್ ಎಷ್ಟೇ ಹೊಳೆದರೂ ಪ್ರಯೋಜನವಿಲ್ಲ.

ಕರಿಯುವ ಕೆಲಸ ಹೆಚ್ಚಿರುವಲ್ಲಿ ಫಿಲ್ಟರನ್ನು ದಿನವೂ ಬಿಸಿನೀರು, ಸೋಪಿನಿಂದ ತೊಳೆದು ಒಣಗಿಸಿಯೇ ಕೂರಿಸಬೇಕು. ಕೊಳವೆ ಮತ್ತು ಫ್ಯಾನನ್ನು ಮೂರು ತಿಂಗಳಿಗೊಮ್ಮೆಯಾದರೂ ಬಿಚ್ಚಿ ನೋಡಿಸಬೇಕು. ಇದ್ದಿಲಿನ ತಂದೂರ್ ಇದ್ದರೆ ತಿಂಗಳಿಗೊಮ್ಮೆ ಪರಿಶೀಲನೆ ಅಗತ್ಯ.

ಗ್ಯಾಸ್ ನೆಲದಲ್ಲೇ ನಿಲ್ಲುತ್ತದೆ

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ಮೋರಿ, ಮೂಲೆಗಳಲ್ಲಿ ಸೇರುತ್ತದೆ. ಮೇಲಿರುವ ಹುಡ್ ಅದನ್ನು ಎಳೆದುಕೊಳ್ಳುತ್ತದೆ ಎಂದು ನಂಬುವಂತಿಲ್ಲ. 19 ಕಿಲೋದ ಸಿಲಿಂಡರುಗಳನ್ನು ಭಟ್ಟಿಯ ಪಕ್ಕದಲ್ಲಿ ಇಡದೆ, ಗಾಳಿಯಾಡುವ ಪ್ರತ್ಯೇಕ ಜಾಗದಲ್ಲಿ ನೇರವಾಗಿ ನಿಲ್ಲಿಸಬೇಕು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಕಡ್ಡಿ ಗೀರಿ ನೋಡುವ ಅಭ್ಯಾಸ ಎಲ್ಲಾದರೂ ಇದ್ದರೆ ಇಂದೇ ನಿಲ್ಲಲಿ. ಬಿರುಕು ಬಿಟ್ಟ ರಬ್ಬರ್ ಪೈಪನ್ನು ತಕ್ಷಣ ಬದಲಿಸಬೇಕು.

ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ-ಬಾಗಿಲು ತೆರೆದು ಎಲ್ಲರೂ ಹೊರಬರಬೇಕು. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನೂ ಒತ್ತಕೂಡದು; ಅದರ ಒಂದು ಕಿಡಿ ಸಾಕು. ಹೊರಗೆ ಬಂದ ಮೇಲೆ ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಬಹುದು. ಉರಿಯುವ ಎಣ್ಣೆಗೆ ನೀರು ಎರಚಲೇಬಾರದು.

ಜನವರಿ, ಜುಲೈ ಮರೆಯದಿರಿ

ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯ್ದೆಯಂತೆ ಅಗ್ನಿಶಾಮಕ ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ 'ಫಾರ್ಮ್ ಬಿ' ಪ್ರಮಾಣಪತ್ರವನ್ನು ಪರವಾನಗಿ ಪಡೆದ ಏಜೆನ್ಸಿಯಿಂದ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ ಪಡೆದು ಸಲ್ಲಿಸಬೇಕು. ಕಾಗದ ಫೈಲಿಗೆ ಸೇರಿದರಷ್ಟೇ ಸಾಲದು. ಉಪಕರಣ ನಿಜವಾಗಿ ಕೆಲಸ ಮಾಡಬೇಕು.

ಶುಚಿಗೊಳಿಸುವ ಖರ್ಚು ಲೆಕ್ಕಪುಸ್ತಕದಲ್ಲಿ ನಷ್ಟದಂತೆ ಕಾಣಬಹುದು. ಆದರೆ ಊರಿನಿಂದ ಮಾಲೀಕರನ್ನೇ ನಂಬಿ ಬಂದ ಹುಡುಗರು ಅನೇಕ ಕಡೆ ರಾತ್ರಿ ಮಲಗುವುದೂ ಹೋಟೆಲಿನ ಅಟ್ಟದಲ್ಲೇ. ವಿಮೆಯ ಹಣ ಗೋಡೆಯನ್ನು ಮತ್ತೆ ಕಟ್ಟಿಕೊಟ್ಟೀತು, ಹೋದ ಮಗನನ್ನು ಅವನ ತಾಯಿಗೆ ಮರಳಿಸಲಾರದು.