ಅವಧಾನವೂ ಮಿದುಳಿನ ನೀಲಸ್ಥಾನವೂ

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೊಸದಾಗಿ ಬಂದವರಿಗೆ ಅಲ್ಲಿಯ ಬೆಟ್ಟಸಾಲು ಮೊದಲು ಬರಿಯ ಬಂಡೆಗಳ ರಾಶಿಯಾಗಿಯೇ ಕಾಣುವುದು. ಜೊತೆಯವರು "ಅಗೋ, ಬುದ್ಧ ಮಲಗಿದ್ದಾನೆ, ನೋಡಿರಿ" ಎಂದೊಡನೆ ಹಣೆ, ಮೂಗು, ಎದೆ ಒಮ್ಮೆಲೇ ಮೂಡಿಬರುವುವು. ಆಮೇಲೆ ಸುರಪುರದವರೆಗೆ ಹೋಗಿ ಮರಳಿದರೂ ಅದನ್ನು ಬರಿಯ ಕಲ್ಲಾಗಿ ಕಾಣುವುದು ನಮ್ಮಿಂದಾಗದು. ಬಂಡೆ ಬದಲಾಗಲಿಲ್ಲ, ಬದಲಾದುದೇನು?

ಮಿದುಳಿನ ಕಾಂಡದ ಎಡಬಲಗಳಲ್ಲಿ ನೀಲಿಛಾಯೆಯ ಚಿಕ್ಕ ನರಕೋಶಗಳ ಗುಂಪೊಂದುಂಟು. ಲ್ಯಾಟಿನ್ ಹೆಸರು ಲೋಕಸ್ ಸೆರೂಲಿಯಸ್; ನಾವು ನೀಲಸ್ಥಾನವೆನ್ನೋಣ. ಕೋಶಗಳ ಎಣಿಕೆ ಲಕ್ಷವನ್ನೂ ಮುಟ್ಟದು. ಆದರೂ ಅವುಗಳ ತಂತುಗಳು ಹೆಚ್ಚುಕಡಿಮೆ ಇಡೀ ಮಿದುಳಿಗೆ ಹಬ್ಬಿ ನಾರ್‌ಅಡ್ರಿನಲಿನ್ ಎಂಬ ದ್ರವ್ಯವನ್ನು ಸೂಸುತ್ತವೆ. 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಅವರು ನರಗಳಲ್ಲಿ ಈ ದ್ರವ್ಯವನ್ನು ಗುರುತಿಸಿದರು; 1964ರಲ್ಲಿ ಡಾಲ್‌ಸ್ಟ್ರೋಮ್ ಮತ್ತು ಫುಕ್ಸೆ ಮಿದುಳಿನೊಳಗೆ ಅದರ ಕೋಶಗಳ ನೆಲೆಯನ್ನು ತೋರಿಸಿದರು. ಹೊಸದೋ ಮಹತ್ತ್ವದ್ದೋ ಆದ ಸಂಗತಿ ಎದುರಾದಾಗ ನೀಲಸ್ಥಾನವು ಥಟ್ಟನೆ ಮಿಡಿಯುವುದು. ಬೇಕಾದ ಸಂಕೇತ ಸ್ಫುಟವಾಗಿ ಸುತ್ತಣ ಗದ್ದಲ ಅಡಗುವುದು. ನೆನಪಿನ ಬೆಸುಗೆ ಬಲಿಯುವುದು. ಜೊತೆಗೆ ಕಣ್ಣಿನ ಪಾಪೆಯೂ ತುಸು ಅರಳುವುದು. ಎರಡು ರೂಪವುಳ್ಳ ಚಿತ್ರವು ನೋಡುವವನ ಮನಸ್ಸಿನಲ್ಲಿ ರೂಪ ಬದಲಿಸುವ ಗಳಿಗೆಯಲ್ಲಿ ಪಾಪೆ ಹಿಗ್ಗುವುದನ್ನು 2008ರಲ್ಲಿ ಅಳೆದು ತೋರಿಸಿರುವರು. ಬೆಟ್ಟದೆದುರು ನಡೆದುದೂ ಇಂತಹುದೇ ಎಂದು ನಮ್ಮ ಊಹೆ.

ಇನ್ನು ಪ್ರಮಾಣದ ಮಾತು. ಕಡಿಮೆಯಾದರೆ ತೂಕಡಿಕೆ, ಹಿತಮಿತವಾಗಿದ್ದರೆ ಎಚ್ಚರ, ಅತಿಯಾದರೆ ಮುಂಮಿದುಳಿನ ಹಿಡಿತ ಸಡಿಲಿ, ಬಲ್ಲ ಲೆಕ್ಕವೂ ತಪ್ಪುವುದು. ಬೆತ್ತಕ್ಕೆ ಹೆದರಿ ಮಗ್ಗಿ ಮರೆತ ಬಾಲಕನನ್ನು ದಡ್ಡನೆಂದು ಕರೆದವರಲ್ಲಿ ನಾವೂ ಸೇರಿದ್ದೆವು. ಆ ಬಾಲಕನಿಗೆ ಬೆತ್ತ ಮಾತ್ರ ಬಹುಕಾಲ ನೆನಪಿರುವುದು. ಅದರಲ್ಲಿಯೂ ಇದೇ ದ್ರವ್ಯದ ಕೈವಾಡವುಂಟು. ನಮ್ಮ ತರಗತಿಯಲ್ಲಿಯೂ ಹೆಸರು ಹಿಡಿದು ಕೂಗಿದೊಡನೆ ಉತ್ತರ ಮರೆತು ನಿಲ್ಲುವವರುಂಟು. ಈಗ ಪ್ರಶ್ನೆ ಹಾಕಿ ಒಂದು ನಿಮಿಷ ಸುಮ್ಮನಿರುತ್ತೇವೆ. ಹಲವು ವೇಳೆ ಉತ್ತರ ತಾನಾಗಿ ಬರುತ್ತದೆ.