ಸೆಲ್ಫ್ ತಿರುಗುತ್ತದೆ, ಗಾಡಿ ಚಾಲೂ ಆಗದು



ಭೀಮಾ ದಂಡೆಯ ಸನ್ನತಿಯಿರಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಯಿರಲಿ, ತೊಗರಿ ರಾಶಿ ಮುಗಿದ ಮೇಲೆ ಮಾಲು ಪೇಟೆಗೆ ಹೋಗಲೇಬೇಕು. ಡಿಸೆಂಬರ್, ಜನವರಿಯ ಚಳಿ. ರಾತ್ರಿಯೇ ಚೀಲ ಹೇರಿ ಇಟ್ಟಿದ್ದೀರಿ. ಬೆಳಗಿನ ಜಾವ ಹಳೆಯ ಡೀಸೆಲ್ ಪಿಕಪ್ ಗಾಡಿಗೆ ಕೀಲಿ ತಿರುವಿದರೆ ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಮಾತ್ರ ಚಾಲೂ ಆಗವಲ್ದು. ಲಿಲಾವಿನ ಹೊತ್ತಿಗೆ ಮುಟ್ಟದಿದ್ದರೆ ಒಂದು ದಿನ ಹೋಯಿತು. ಬಾಡಿಗೆ ಗಾಡಿ ಹಿಡಿದರೆ ಕೈಗೆ ಬರುವ ನಾಲ್ಕು ಕಾಸೂ ಕರಗಿತು.

ಇಂಥ ಹೊತ್ತಿನಲ್ಲಿ ಮಾಡುವ ಮೊದಲ ತಪ್ಪೆಂದರೆ ಕೀಲಿ ಬಿಡದೆ ತಿರುವುತ್ತ ಕೂಡುವುದು. ಹಾಗೆ ಮಾಡಬ್ಯಾಡ್ರಿ. ಒಮ್ಮೆಗೆ 10 ಸೆಕೆಂಡು ಸಾಕು. ನಡುವೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ, ಸೆಲ್ಫ್ ಮೋಟಾರು ಸುಡುತ್ತದೆ. ಒಂದು ರೋಗ ಇದ್ದದ್ದು ಮೂರಾಗುತ್ತದೆ.

ಪೆಟ್ರೋಲ್ ಗಾಡಿಯ ಹಾಗೆ ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರುವುದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೇ ಮುಟ್ಟಿ ನೋಡಿದ್ದೀರಿ. ಇಲ್ಲಿಯೂ ಅದೇ ಉಪಾಯ. ಸುಮಾರು ಇಪ್ಪತ್ತು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಿದಾಗ ಹುಟ್ಟುವ ಕಾವಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯಲ್ಲಿ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಮಾಡಿ ತೋರಿಸಿದ. ಹೀಗಾಗಿ ಬೇಕಾದದ್ದು ಮೂರು: ಗಾಳಿ, ಡೀಸೆಲ್, ಕಾವು. ಯಾವುದು ಕಡಿಮೆ ಬಿದ್ದಿದೆ ಎಂಬುದನ್ನು ಬಹುಮಟ್ಟಿಗೆ ಹೊಗೆಯೇ ಹೇಳುತ್ತದೆ. ಗೇರು ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಕೀಲಿ ತಿರುವಲಿ. ಇನ್ನೊಬ್ಬರು ಪಕ್ಕಕ್ಕೆ ನಿಂತು ಹೊಗೆ ಕೊಳವೆ ನೋಡಲಿ.

ಹೊಗೆಯೇ ಇಲ್ಲವೆ? ಹಾಗಾದರೆ ಎಂಜಿನ್ನಿಗೆ ಡೀಸೆಲ್ ಮುಟ್ಟುತ್ತಿಲ್ಲ. ಮೀಟರಿನ ಮುಳ್ಳನ್ನು ನಂಬದೆ ಟಾಕಿಯಲ್ಲಿ ಎಷ್ಟಿದೆ ನೋಡ್ರಿ. ಎಂಜಿನ್ ನಿಲ್ಲಿಸುವ ಎಳೆಗುಂಡಿ ಇರುವ ಗಾಡಿಯಾದರೆ ಅದು ಹೊರಗೇ ಉಳಿದಿದೆಯೋ ನೋಡ್ರಿ. ಕೆಲವು ಗಾಡಿಗಳಲ್ಲಿ ಕೀಲಿ ಹಾಕಿದಾಗ ಪಂಪಿನ ಹತ್ತಿರ 'ಟಕ್' ಎಂದು ಸಪ್ಪಳ ಬರಬೇಕು. ಬಾರದಿದ್ದರೆ ಫ್ಯೂಸನ್ನೂ ಅಲ್ಲಿಯ ವೈರನ್ನೂ ನೋಡ್ರಿ. ಇವೆಲ್ಲ ಸರಿಯಿದ್ದರೆ ಡೀಸೆಲ್ ದಾರಿಯಲ್ಲಿ ಗಾಳಿ ಹೊಕ್ಕಿರಬಹುದು. ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಹೋಗ್ರಿ. ಮೊದಲು ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡ್ರಿ. ಫಿಲ್ಟರಿನ ಬುಡದಲ್ಲಿ ನೀರು ಕೂತಿದ್ದರೆ ಅದನ್ನು ಮೊದಲೇ ಇಳಿಸಿರಬೇಕು.

ಬಿಳಿ ಹೊಗೆ ಬರುತ್ತದೆಯೆ? ಬೆಂಕಿ ಇಲ್ಲದೆ ಹೊಗೆ ಇಲ್ಲ ಎನ್ನುತ್ತಾರೆ. ಇಲ್ಲಿ ಮಾತು ತಿರುವುಮುರುವು. ಡೀಸೆಲ್ ಮುಟ್ಟಿದೆ, ಹೊತ್ತಿಕೊಂಡಿಲ್ಲ, ಕಾವು ಸಾಲದು. ಸೆಲ್ಫ್ ಮೆಲ್ಲಗೆ ತಿರುಗಿದರೆ ಕಾವು ಏರುವುದಿಲ್ಲ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕೂತಿದ್ದರೆ, ಮೊದಲು ಮೈನಸ್ ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ ಬಿಗಿ ಮಾಡ್ರಿ. ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಹಳದಿ ದೀಪ ಆರುವ ತನಕ ತಡೆದು ಆಮೇಲೆ ಸೆಲ್ಫ್ ಹೊಡೀರಿ.

ಕಪ್ಪು ಹೊಗೆಯಾದರೆ ಗಾಳಿ ಸಾಲದು. ರಾಶಿಯ ಹೊಟ್ಟು, ದಾರಿಯ ಧೂಳು ಏರ್ ಫಿಲ್ಟರಿನಲ್ಲಿ ತುಂಬಿದೆಯೋ ಬಿಚ್ಚಿ ನೋಡ್ರಿ.

ಮೂರು ಕೆಲಸ ಮಾತ್ರ ಬೇಡವೇ ಬೇಡ. ಟಾಕಿಯ ಕೆಳಗೆ, ಎಂಜಿನ್ನಿನ ಕೆಳಗೆ ಬೆಂಕಿ ಹಾಕಬಾರದು. ಗಾಳಿ ಎಳೆಯುವ ಬಾಯಿಗೆ ಪೆಟ್ರೋಲಾಗಲಿ ಈಥರಾಗಲಿ ಹೊಡೆಯಬಾರದು. ಹೀಟರ್ ಕಾದಿದ್ದರೆ ಸ್ಫೋಟವಾದೀತು. ಪಂಪಿನಿಂದ ಎಂಜಿನ್ನಿಗೆ ಹೋಗುವ ಗಟ್ಟಿ ಪೈಪುಗಳನ್ನು ಬಿಚ್ಚಬಾರದು. ಅದರಿಂದ ಚಿಮ್ಮುವ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೊಕ್ಕು, ಕೈಯನ್ನೇ ಕಳೆದೀತು.

ಇಷ್ಟಾದರೂ ಚಾಲೂ ಆಗದಿದ್ದರೆ ಮೇಸ್ತ್ರಿಯನ್ನು ಕರೆಸ್ರಿ. 'ಗಾಡಿ ಕೆಟ್ಟದ' ಎಂದಷ್ಟೇ ಹೇಳಬ್ಯಾಡ್ರಿ. 'ಸೆಲ್ಫ್ ಜೋರಾಗಿ ತಿರುಗ್ತದ, ಹೊಗೆ ಇಲ್ಲ, ಗಾಳಿ ತೆಗೆದೀನಿ' ಎನ್ನಿ. ಅವರ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ, ನಿಮ್ಮ ಖರ್ಚೂ ಉಳಿಯುತ್ತದೆ.

ಪೇಟೆಯ ಹಿಂದಿನ ಸಂಜೆಯೇ ಒಮ್ಮೆ ಗಾಡಿ ಚಾಲೂ ಮಾಡಿ ನೋಡಿ, ಆಮೇಲೆ ಚೀಲ ಹೇರಿರಿ. ಖಾಲಿ ಗಾಡಿಯ ರೋಗ ತುಂಬಿದ ಗಾಡಿಯ ರೋಗಕ್ಕಿಂತ ಹಗುರ.